ಮೌಂಟನ್ ಬೈಕ್ (ಎಂಟಿಬಿ) ಫ್ರೇಮ್: ಅಲ್ಯೂಮಿನಿಯಂ ಪೈಪು ಯಾಕೆ ಅಷ್ಟು ದಪ್ಪ?

[ಮೇಜಿನ ಮೇಲೆ ಕತ್ತರಿಸಿದ ಎರಡು ಪೈಪು. ಕ್ಯಾಮೆರಾ ತೀರಾ ಹತ್ತಿರ.]

ನಮಸ್ಕಾರ. ಈ ಎರಡು ಪೈಪು ನೋಡಿ. ಸಣಕಲು ಇರೋದು ಸ್ಟೀಲು, ದಪ್ಪ ಇರೋದು ಅಲ್ಯೂಮಿನಿಯಂ. ಎರಡೂ ಮೌಂಟನ್ ಬೈಕಿನ ಫ್ರೇಮಿಂದ ಕತ್ತರಿಸಿದ್ದು. ಆದರೆ ಕೈಗೆ ತಗೊಂಡರೆ ದಪ್ಪದ್ದೇ ಹಗುರ. ಇದು ಹೇಗೆ ಅಂತ ತಿಳಿದರೆ, ಅಂಗಡಿಯವರು "ಅಲಾಯ್ ಫ್ರೇಮ್ ಸರ್, ಕಣ್ಣು ಮುಚ್ಚಿ ತಗೊಳ್ಳಿ" ಅಂದಾಗ ಕಣ್ಣು ಬಿಟ್ಟು ಏನು ನೋಡಬೇಕು ಅನ್ನೋದೂ ತಿಳಿಯುತ್ತದೆ. ಅಲಾಯ್ ಅಂದರೆ ಇಲ್ಲಿ ಅಲ್ಯೂಮಿನಿಯಂ ಮಿಶ್ರಲೋಹವೇ.

ಮೊದಲು ಸ್ಟೀಲು. ಮೌಂಟನ್ ಬೈಕ್ ಹುಟ್ಟಿದ್ದೇ ಅದರಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್‌ಗಳನ್ನು ಬೆಟ್ಟದಿಂದ ಇಳಿಸುತ್ತಿದ್ದರು. ಊರಿನ ರಸ್ತೆಗೆ ಅಂತ ಮಾಡಿದ ಫ್ರೇಮುಗಳು, ಎಷ್ಟು ದಿನ ತಡೆದಾವು? 1977ರಲ್ಲಿ ಅವರಲ್ಲೇ ಒಬ್ಬನಾದ ಜೋ ಬ್ರೀಜ್ ಬೆಟ್ಟಕ್ಕೇ ಅಂತ ಹೊಸ ಫ್ರೇಮ್ ಕಟ್ಟಿದ. ಅವನು ಆರಿಸಿಕೊಂಡದ್ದು ಕ್ರೋಮೋಲಿ. ಅಂದರೆ ಸ್ಟೀಲಿಗೆ ಸ್ವಲ್ಪ ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಂ ಸೇರಿಸಿದ್ದು.

[ಸ್ಟೀಲ್ ಪೈಪಿನ ಉದ್ದ ಸೀಳಿದ ತುಂಡು. ಗೋಡೆಯ ದಪ್ಪ ಕಾಣಬೇಕು.]

ಇಲ್ಲೊಂದು ಕೈಚಳಕ ಇದೆ. ಪೈಪಿನ ತುದಿಯಲ್ಲಿ ಗೋಡೆ 0.9 ಮಿಲಿಮೀಟರ್, ನಡುವೆ 0.6. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಬೆಸುಗೆ ಬೀಳುವ ತುದಿಯಲ್ಲಿ ಲೋಹ ಜಾಸ್ತಿ, ಒತ್ತಡ ಅಷ್ಟು ಬೀಳದ ನಡುಭಾಗದಲ್ಲಿ ಕಮ್ಮಿ. ಇದಕ್ಕೆ ಬಟೆಡ್ ಟ್ಯೂಬ್ ಅಂತಾರೆ. ಕ್ರೋಮೋಲಿ ಗಟ್ಟಿ ಇರೋದರಿಂದಲೇ ಇಷ್ಟು ತೆಳ್ಳಗೆ ಮಾಡಲು ಆಗುತ್ತದೆ. ಅಗ್ಗದ ಸೈಕಲ್‌ಗಳಲ್ಲಿ ಬರುವ ಹೈಟೆನ್ ಸ್ಟೀಲಿಗೆ ಅಷ್ಟು ತಾಕತ್ತಿಲ್ಲ. ಅದಕ್ಕೆ ಗೋಡೆ ದಪ್ಪ ಇಡುತ್ತಾರೆ, ಸೈಕಲ್ ಭಾರ ಆಗುತ್ತದೆ. "ಸ್ಟೀಲ್ ಅಂದ್ರೆ ಭಾರ" ಅನ್ನೋ ಹೆಸರು ಬಂದಿರೋದು ಹೆಚ್ಚಾಗಿ ಇದರಿಂದಲೇ. ಪಾಪ, ಕ್ರೋಮೋಲಿಗೂ ಅದೇ ಹಣೆಪಟ್ಟಿ.

ಈಗ ದಪ್ಪ ಪೈಪಿಗೆ ಬರೋಣ. ಅಲ್ಯೂಮಿನಿಯಂ ತೂಕ ಸ್ಟೀಲಿನ ಮೂರನೇ ಒಂದು ಭಾಗ. ಖುಷಿ ಅಲ್ವಾ? ಆದರೆ ಬಾಗದೆ ನಿಲ್ಲುವ ಬಿಗುವೂ ಮೂರನೇ ಒಂದೇ ಭಾಗ. ಸ್ಟೀಲಿನ ಅಳತೆಯಲ್ಲೇ ಅಲ್ಯೂಮಿನಿಯಂ ಪೈಪು ಹಾಕಿದರೆ ಪೆಡಲ್ ಒತ್ತಿದಾಗ ಫ್ರೇಮು ಬಳುಕುತ್ತದೆ. ಪೈಪನ್ನು ಅಗಲ ಮಾಡಿದರೆ ಕಥೆಯೇ ಬೇರೆ. ಗೋಡೆ ಅಷ್ಟೇ ಇಟ್ಟು ಅಗಲ ಎರಡು ಪಟ್ಟು ಮಾಡಿ: ತೂಕ ಎರಡು ಪಟ್ಟು, ಬಿಗುವು ಎಂಟು ಪಟ್ಟು! ಅಮೆರಿಕದ ಎಂಐಟಿಯಲ್ಲಿ ಓದಿದ ಗ್ಯಾರಿ ಕ್ಲೈನ್ 1970ರ ದಶಕದಲ್ಲೇ ಈ ಲೆಕ್ಕ ಹಿಡಿದು ದಪ್ಪ ಪೈಪಿನ ಫ್ರೇಮ್ ಮಾಡಿದ. ಇವತ್ತು ಅಂಗಡಿಯಲ್ಲಿ ಕಾಣುವ ಅಲಾಯ್ ಸೈಕಲ್‌ಗಳೆಲ್ಲ ಅದೇ ಲೆಕ್ಕದವು.

[ಬೆಸುಗೆಯ ಜಾಗ, ಹೆಡ್ ಟ್ಯೂಬ್ (ಹ್ಯಾಂಡಲ್ ಕೂರುವ ಮುಂದಿನ ಪೈಪು) ಹತ್ತಿರ.]

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಇಲ್ಲಿದೆ. ಸ್ಟಿಕರ್ ಮೇಲೆ 6061 ಟಿ6 ಅಂತ ಓದಿರುತ್ತೀರಿ. 6061 ಅನ್ನೋದು ಮಿಶ್ರಲೋಹ: ಅಲ್ಯೂಮಿನಿಯಂ ಜೊತೆ ಮೆಗ್ನೀಶಿಯಂ, ಸಿಲಿಕಾನ್. ಟಿ6 ಅನ್ನೋದು ಅದಕ್ಕೆ ಬಲ ಬರಲಿ ಅಂತ ಕೊಟ್ಟ ಕಾವು. ಬೆಸುಗೆ ಹಾಕಿದಾಗ ಸುತ್ತಲಿನ ಲೋಹ ಮೆತ್ತಗಾಗುತ್ತದೆ, ಬಲ ಗಣನೀಯವಾಗಿ ಇಳಿಯುತ್ತದೆ. ಅದಕ್ಕೇ ಬೆಸೆದ ಫ್ರೇಮನ್ನು ಪೂರ್ತಿಯಾಗಿ ಸುಮಾರು 530 ಡಿಗ್ರಿಗೆ ಕಾಯಿಸಿ, ತಟಕ್ಕನೆ ತಣಿಸಿ, ಮತ್ತೆ 175 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗ ಹೋದ ಬಲ ವಾಪಸ್ ಬರುತ್ತದೆ. ಈಗ ಯೋಚಿಸಿ: ಬಿರುಕು ಬಿಟ್ಟ ಅಲಾಯ್ ಫ್ರೇಮಿಗೆ ಮೂಲೆಯ ವೆಲ್ಡಿಂಗ್ ಶಾಪ್‌ನಲ್ಲಿ ಟಾಂಕಾ ಹಾಕಿಸಿದರೆ ಏನಾಗುತ್ತದೆ? ಅಂಟಿಕೊಳ್ಳುತ್ತದೆ. ಆದರೆ ಆ ಕಾವು ಅಲ್ಲಿ ಯಾರು ಕೊಡುತ್ತಾರೆ? ಪಕ್ಕದಲ್ಲೇ ಮತ್ತೆ ಬಿರುಕು ಬಿಡಬಹುದು. ಸ್ಟೀಲಾದರೆ ನುರಿತ ಕೈಯವರು ಬೆಸೆದುಕೊಟ್ಟಾರು.

ಇನ್ನೊಂದು. ಸ್ಟೀಲು ಒಂದು ಮಿತಿಯೊಳಗಿನ ಏಟುಗಳನ್ನು ಎಷ್ಟು ಸಲ ಬೇಕಾದರೂ ತಿನ್ನುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಏಟುಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ಹೆದರಬೇಡಿ, ಒಳ್ಳೇ ಕಂಪನಿಗಳು ಇದನ್ನು ಲೆಕ್ಕ ಹಾಕಿಯೇ ಲೋಹ ಇಟ್ಟಿರುತ್ತವೆ. ಆದರೆ ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಬೆಸುಗೆಯ ಅಂಚಿಗೆ ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬರೀ ಬಣ್ಣ ಒಡೆದದ್ದಲ್ಲ ಅನ್ನೋ ಅನುಮಾನ ಇಟ್ಟುಕೊಳ್ಳಿ.

ಟೈಟೇನಿಯಂ ಬಗ್ಗೆ ಚುಟುಕಾಗಿ: ತುಕ್ಕು ಹಿಡಿಯೋದಿಲ್ಲ, ಸ್ಟೀಲಿಗಿಂತ ಹಗುರ. ಬೆಸೆಯುವಾಗ ಗಾಳಿ ಸೋಕಬಾರದು, ಒಳಗೂ ಹೊರಗೂ ಆರ್ಗಾನ್ ಅನಿಲ ಹಾಯಿಸಬೇಕು. ರೇಟು ಏರೋದರಲ್ಲಿ ಇದರ ಪಾಲೂ ಇದೆ. ದುಡ್ಡಿದ್ದವರು ನೋಡಲಿ.

[ಕಾರ್ಬನ್ ಫ್ರೇಮ್, ಪಕ್ಕದಲ್ಲಿ ಬಿದಿರಿನ ತುಂಡು.]

ಕಾರ್ಬನ್ ಲೋಹವೇ ಅಲ್ಲ. ಕಾರ್ಬನ್ ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಹಿಡಿದಿಟ್ಟದ್ದು. ಬಿದಿರು ಉದ್ದಕ್ಕೆ ಸಲೀಸಾಗಿ ಸೀಳುತ್ತದೆ, ಅಡ್ಡ ಮುರಿಯೋದು ಕಷ್ಟ. ಇದೂ ಹಾಗೇ, ಬಲ ಎಲ್ಲ ಎಳೆ ಓಡುವ ದಿಕ್ಕಿನಲ್ಲಿ. ಅದಕ್ಕೇ ಪದರದ ಮೇಲೆ ಪದರ, ಬೇರೆ ಬೇರೆ ಕೋನದಲ್ಲಿ ಹಾಕುತ್ತಾರೆ. ಎಲ್ಲಿ ಬಿಗುವು ಬೇಕೋ ಅಲ್ಲಿ ಜಾಸ್ತಿ. ಈ ಅನುಕೂಲ ಲೋಹದಲ್ಲಿ ಇಷ್ಟಿಲ್ಲ.

ತೊಂದರೆ ಇರೋದು ಕಲ್ಲಿನ ಏಟಿನಲ್ಲಿ. ಲೋಹ ತಗ್ಗಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್‌ನಲ್ಲಿ ಹೊರಗೆ ಬರೀ ಗೀರು, ಒಳಗೆ ಪದರ ಬಿಟ್ಟಿರಬಹುದು. ಬಿದ್ದ ಮೇಲೆ ನಾಣ್ಯ ತಗೊಂಡು ಆ ಜಾಗದ ಸುತ್ತ ಟಕ್ ಟಕ್ ಅಂತ ತಟ್ಟಿ. ಒಂದು ಕಡೆ ಸದ್ದು ಬೊದ್ದಾದರೆ ಸವಾರಿ ನಿಲ್ಲಿಸಿ, ಕಾರ್ಬನ್ ರಿಪೇರಿ ಗೊತ್ತಿರುವವರಿಗೆ ತೋರಿಸಿ. ಪೈಪಿನ ಗೋಡೆಯ ದಪ್ಪ ಬದಲಾಗುವ ಕಡೆಯೂ ಸದ್ದು ಬದಲಾಗುತ್ತದೆ. ಹಾಗಾಗಿ ಎಡಗಡೆ ತಟ್ಟಿದ ಜಾಗವನ್ನೇ ಬಲಗಡೆಯೂ ತಟ್ಟಿ ಹೋಲಿಸಿ.