ಚಹಾದಂಗಡಿ ಮುಂದಿನ ಕಲ್ಲು

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೋಗುವ ಹಳೇ ದಾರಿಯಲ್ಲಿ ಒಂದು ಚಹಾದಂಗಡಿ ಇತ್ತು. ಅದರ ಮುಂದೆ ಒಂದು ಕಲ್ಲು. ಚಹಾ ಕುಡಿಯಲು ಬಂದವರು ಅದರ ಮೇಲೇ ಕೂಡುತ್ತಿದ್ದರು. ನಾನೂ ಎಷ್ಟೋ ಸಲ ಕೂತಿದ್ದೆ. ಒಂದು ಮಳೆಗಾಲ ಮಣ್ಣು ತೊಳೆದುಹೋಗಿ ಅದರ ಮೇಲೆ ಅಂಕಿ ಕಂಡಿತು. ಅರೆ, ಮೈಲಿಗಲ್ಲು! ಆಮೇಲೆ ರಸ್ತೆ ಅಗಲ ಮಾಡಿದರು. ಅಂಗಡಿ ಹೋಯಿತು, ಕಲ್ಲೂ ಹೋಯಿತು.

"ಇಂಗ್ಲಿಷರ ಕಲ್ಲು, ಹೋದ್ರೆ ಹೋಗ್ಲಿ ಬಿಡ್ರಿ" ಎಂದರು ಗೆಳೆಯರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಬಳ್ಳಾರಿಯಲ್ಲಿ ದಂಡು ಬೆಳೆಯಿತು, ಹತ್ತಿ ವ್ಯಾಪಾರ ಬೆಳೆಯಿತು. ಆದರೆ ನಮ್ಮದು ಎರೆಭೂಮಿ. ಮಳೆ ಬಿದ್ದರೆ ಬಂಡಿಯ ಗಾಲಿ ಅಚ್ಚಿನ ತನಕ ಹೂತುಹೋಗುತ್ತದೆ. ಅದಕ್ಕೇ ಹಿಂದೆ ಉಪ್ಪು, ಕಾಳು ಹೊತ್ತು ತಿರುಗುತ್ತಿದ್ದದ್ದು ಲಂಬಾಣಿಗರ ಎತ್ತುಗಳು. ಅಂಥ ನೆಲದಲ್ಲಿ ಜಲ್ಲಿ ಹಾಕಿ ರಸ್ತೆ ಮಾಡಬೇಕು. ಮಾಡಿದವರು ಯಾರು?

1876ರಿಂದ 78ರ ತನಕ ಧಾತು ಸಂವತ್ಸರದ ಬರ. ತೀರಾ ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಸಿದ ಜನ ಪರಿಹಾರದ ಕೆಲಸ ಎಂದು ಕಲ್ಲು ಒಡೆದರು, ಮಣ್ಣು ಹೊತ್ತರು. 1877ರಲ್ಲಿ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಆ ಜನರ ಕೂಲಿಯನ್ನೂ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಒಂದಾಣೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಇಡೀ ದಿನ ಜಲ್ಲಿ ಒಡೆದವನಿಗೆ! ನಕ್ಷೆ ಇಂಗ್ಲಿಷರದು ಇರಬಹುದು, ಕೈ ಮಾತ್ರ ನಮ್ಮವರದು.

ಮೆಕ್ಸಿಕೋದಲ್ಲೂ ಇಂಥದೇ ಒಂದು ದಾರಿ ಇದೆ. ಸ್ಪೇನಿನವರ ಕಾಲದ್ದು. ಮೆಕ್ಸಿಕೋ ನಗರದಿಂದ ಇಂದಿನ ಅಮೆರಿಕದ ಸಾಂತಾ ಫೆ ತನಕ ಸುಮಾರು 2,600 ಕಿಲೋಮೀಟರ್. ಸಕಾತೆಕಾಸ್ ಗಣಿಯ ಬೆಳ್ಳಿ ಅದರಲ್ಲೇ ಸಾಗುತ್ತಿತ್ತು. ಗಣಿ ಎಂದರೆ ಏನೆಂದು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆ ದಾರಿಯ ಮೆಕ್ಸಿಕೋ ಭಾಗ 2010ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ದೊಡ್ಡ ಚರ್ಚುಗಳಷ್ಟೇ ಇಲ್ಲ. ಸೇತುವೆ, ಗಣಿ, ಸ್ಮಶಾನ ಕೂಡ ಇವೆ. ಅಮೆರಿಕದವರು ತಮ್ಮ ಕಡೆಯ ಭಾಗಕ್ಕೆ 2000ದಲ್ಲೇ ರಾಷ್ಟ್ರೀಯ ಮನ್ನಣೆ ಕೊಟ್ಟಿದ್ದರು. ಎರಡು ದೇಶ, ಒಂದೇ ದಾರಿ.

ನಮಗೂ ಆಗ ನಡುವೆ ಗಡಿ ಇತ್ತು. ತುಂಗಭದ್ರೆಯ ಈಚೆ ಮದರಾಸು ಪ್ರಾಂತ, ಆಚೆ ಗಂಗಾವತಿ, ಕೊಪ್ಪಳ ಎಲ್ಲ ನಿಜಾಮರದು. ಈಚೆ ಇಂಗ್ಲಿಷರ ಕಲ್ದಾರ ರೂಪಾಯಿ, ಆಚೆ ನಿಜಾಮರ ಹಾಲಿ ಸಿಕ್ಕಾ ನಾಣ್ಯ. ಹರಿಗೋಲು ದಾಟಿದರೆ ದುಡ್ಡೇ ಬೇರೆ! ಹಾಗಾಗಿ ಈ ದಾರಿಗಳ ಲೆಕ್ಕ ಇಡುವಾಗ ಎರಡೂ ದಂಡೆಯವರು ಕೂಡಬೇಕು.

ರಸ್ತೆ ಅಗಲ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಲಾರಿ ಓಡಬೇಕು. ಆದರೆ ಜೆಸಿಬಿ ಬರುವ ಮೊದಲು ಒಬ್ಬರು ನಡೆದು ನೋಡಲಿ. ಮೈಲಿಗಲ್ಲು, ಬಾವಿ, ಹಳೇ ಮೋರಿ, ಸಾಲು ಹುಣಸೆಮರ, ಎಲ್ಲದರ ಫೋಟೋ ತೆಗೆದು ಪಂಚಾಯ್ತಿಯ ಪುಸ್ತಕದಲ್ಲಿ ಬರೆದಿಡಲಿ. ಕಲ್ಲನ್ನು ಹತ್ತು ಅಡಿ ಆಚೆ ನಿಲ್ಲಿಸಲು ಎಷ್ಟು ಹೊತ್ತು ಬೇಕು?

ಆ ಚಹಾದಂಗಡಿಯವರು ಈಗ ಬೈಪಾಸಿನಲ್ಲಿದ್ದಾರೆ. ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಮೊನ್ನೆ ಕೂತು ಕೇಳಿದೆ, ಆ ಕಲ್ಲಿನ ಮೇಲೆ ಅಂಕಿ ಎಷ್ಟಿತ್ತು ಅಂತ. ಅವರಿಗೂ ನೆನಪಿಲ್ಲ, ನನಗೂ ಇಲ್ಲ.