ನೆರೆಮನೆಯಲ್ಲಿ ಡಾಲರ್ ಮುಗಿದಾಗ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಉದಯೋನ್ಮುಖ ಅರ್ಥವ್ಯವಸ್ಥೆಗಳ ಅಭಿವೃದ್ಧಿ ಮತ್ತು ಅಂತರರಾಷ್ಟ್ರೀಯ ಸಹಕಾರ ಎಂಬ ವಿಷಯವನ್ನು ಸಂಘಟಕರು ಕೊಟ್ಟಿದ್ದಾರೆ. ಮೂರು ದಿನದ ವಿಚಾರ ಸಂಕಿರಣಕ್ಕೆ ಸಾಲುವಷ್ಟು ದೊಡ್ಡದು. ನಾನು ಅದರಲ್ಲಿ ಒಂದೇ ಎಳೆ ಹಿಡಿದುಕೊಂಡು ಬಂದಿದ್ದೇನೆ: ಒಂದು ದೇಶದ ಕೈಯಲ್ಲಿ ಡಾಲರ್ ಮುಗಿದುಹೋದಾಗ ನೆರವು ಬರಲು ಎಷ್ಟು ದಿನ ಹಿಡಿಯುತ್ತದೆ? ನೆರವಿನ ಮೊತ್ತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತಡವಾದ ದಿನಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಆ ತಡಕ್ಕೆ ತೆರುವ ಬೆಲೆ ಸಚಿವರದ್ದೂ ಅಲ್ಲ, ಬಾಂಡ್ ಕೊಂಡವರದ್ದೂ ಅಲ್ಲ. ಗ್ಯಾಸ್ ಸಿಲಿಂಡರಿಗೆ ಸರದಿಯಲ್ಲಿ ನಿಂತವರದ್ದು.

ಇಲ್ಲಿ ಕೂತಿರುವ ವಿದ್ಯಾರ್ಥಿಗಳು 1991ರಲ್ಲಿ ಹುಟ್ಟಿರಲಿಲ್ಲ. ಹಿರಿಯರಿಗೆ ನೆನಪಿದೆ. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತು. ಕುವೈತಿನಲ್ಲಿ ದುಡಿಯುತ್ತಿದ್ದ ನಮ್ಮವರು ಬರಿಗೈಯಲ್ಲಿ ಮರಳಿದರು, ಕರಾವಳಿಯ ಎಷ್ಟೋ ಮನೆಗಳಿಗೆ ಬರುತ್ತಿದ್ದ ಹಣ ನಿಂತಿತು. ಅನಿವಾಸಿ ಭಾರತೀಯರು ಠೇವಣಿ ಹಿಂದಕ್ಕೆ ಪಡೆದರು. ಕೊನೆಗೆ ಎರಡು ಮೂರು ವಾರಗಳ ಆಮದಿಗೆ ಆಗುವಷ್ಟು ವಿದೇಶಿ ವಿನಿಮಯ ಉಳಿಯಿತು. ಮೊದಲು 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕು ಇನ್ನೂ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಅಡವಿಟ್ಟಿತು.

ಆ ಚಿನ್ನ ಮುಂಬೈಯಿಂದ ಹೊರಟ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಗ ಹಣಕಾಸು ಸಚಿವಾಲಯದಲ್ಲಿದ್ದು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ವೈ.ವಿ. ರೆಡ್ಡಿಯವರು ಅದನ್ನು ನೆನಪಿಸಿಕೊಂಡಿದ್ದಾರೆ. ಎಲ್ಲವೂ ಗುಟ್ಟಾಗಿ ನಡೆಯಬೇಕಿತ್ತು. ಆದರೆ ವಿಮಾನ ನಿಲ್ದಾಣದ ದಾರಿಯಲ್ಲಿ ಚಿನ್ನದ ವ್ಯಾನು ಕೆಟ್ಟು ನಿಂತಿತು! ಮುಂಬೈ ರಸ್ತೆಯಲ್ಲಿ ಗಾಡಿ ಕೆಟ್ಟು ನಿಲ್ಲುವುದು ದಿನನಿತ್ಯದ ಸಂಗತಿ. ಬೆಂಗಳೂರಿನವರಾದ ನಾವು ಅದಕ್ಕೆ ಬೆರಗಾಗಬೇಕಿಲ್ಲ. (ಸಭೆಯಲ್ಲಿ ನಗು) ಆದರೆ ಆ ಗಾಡಿಯಲ್ಲಿದ್ದದ್ದು ಒಂದು ದೇಶದ ಮಾನ. ಸುತ್ತ ಕಾವಲಿನವರು, ನಡುವೆ ಅಲುಗದ ಗಾಡಿ, ಒಳಗೆ ಚಿನ್ನ. ಅಧಿಕಾರಿಗಳ ಎದೆ ಹೇಗೆ ಹೊಡೆದುಕೊಂಡಿರಬೇಕು, ಊಹಿಸಿ. ಸುದ್ದಿ ಹೊರಬಿದ್ದಾಗ ದೇಶವೇ ನೊಂದುಕೊಂಡಿತು. ನಮ್ಮ ಮನೆಗಳಲ್ಲಿ ಬಂಗಾರ ಅಡವಿಡುವುದೆಂದರೆ ಏನು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಆ 47 ಟನ್ ಚಿನ್ನಕ್ಕೆ ಸಿಕ್ಕಿದ್ದು ಎಷ್ಟು? ಸುಮಾರು 40 ಕೋಟಿ ಡಾಲರ್. ಈ ಅಂಕಿ ನೆನಪಿಟ್ಟುಕೊಳ್ಳಿ.

ಈಗ 2022ಕ್ಕೆ ಬನ್ನಿ, ಶ್ರೀಲಂಕಾಕ್ಕೆ. 2019ರ ಕೊನೆಯಲ್ಲಿ ಅಲ್ಲಿ 760 ಕೋಟಿ ಡಾಲರ್ ಮೀಸಲು ಇತ್ತು. ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತು. ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರಕ್ಕೆ ಏಕಾಏಕಿ ನಿಷೇಧ, ಭತ್ತ ಮತ್ತು ಚಹಾ ಬೆಳೆಗಾರರಿಗೆ ಪೆಟ್ಟು. 2022ರ ಮಾರ್ಚ್‌ನಲ್ಲಿ ಪಶ್ಚಿಮ ಪ್ರಾಂತ್ಯದ ಶಾಲೆಗಳು ಪರೀಕ್ಷೆಯನ್ನೇ ಮುಂದೂಡಿದವು. ಕಾರಣ, ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದವಿಲ್ಲ, ಕಾಗದ ತರಿಸಲು ಡಾಲರ್ ಇಲ್ಲ. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ. 70ರ ಹತ್ತಿರ. ಒಂದೇ ವರ್ಷದಲ್ಲಿ ಬಡವರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು ಎಂದು ವಿಶ್ವ ಬ್ಯಾಂಕ್ ಅಂದಾಜು ಮಾಡಿತು.

ಅದಕ್ಕೂ ಮೊದಲೇ, 2022ರ ಜನವರಿಯಲ್ಲಿ, ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಕರೆನ್ಸಿ ವಿನಿಮಯ ವ್ಯವಸ್ಥೆಯಡಿ, ಅಂದರೆ ಅವರ ಹಣ ಇಟ್ಟುಕೊಂಡು ಡಾಲರ್ ಕೊಡುವ ಸ್ವಾಪ್‌ನಡಿ, ನಮ್ಮ ರಿಸರ್ವ್ ಬ್ಯಾಂಕು ಶ್ರೀಲಂಕಾಕ್ಕೆ ನೆರವು ಕೊಟ್ಟಿತ್ತು. ಎಷ್ಟು ಗೊತ್ತೇ? 40 ಕೋಟಿ ಡಾಲರ್. ಯಾವ ಮೊತ್ತಕ್ಕಾಗಿ 1991ರಲ್ಲಿ ನಾವು ಚಿನ್ನವನ್ನು ಕಡಲಾಚೆ ಸಾಗಿಸಿದೆವೋ, ಹೆಚ್ಚುಕಡಿಮೆ ಅದೇ ಮೊತ್ತವನ್ನು ಮೂವತ್ತು ವರ್ಷಗಳ ಬಳಿಕ ಚಿನ್ನ ಕೇಳದೆ ನೆರೆಯವರಿಗೆ ಕೊಟ್ಟೆವು. ನನಗೆ ಇದು ಬಹಳ ಹೆಮ್ಮೆಯ ಸಂಗತಿ. ಇಂಧನಕ್ಕೆ 50 ಕೋಟಿ, ಆಹಾರ ಮತ್ತು ಔಷಧಕ್ಕೆ 100 ಕೋಟಿ ಡಾಲರಿನ ಸಾಲದ ಸೌಲಭ್ಯ ಸೇರಿ ಆ ವರ್ಷ ಭಾರತ ಕೊಟ್ಟದ್ದು ಸುಮಾರು 400 ಕೋಟಿ ಡಾಲರ್. ತಮಿಳುನಾಡು ಅಕ್ಕಿ, ಹಾಲಿನ ಪುಡಿ ಕಳಿಸಿತು.

ಆದರೆ ನೆರೆಯವರ ನೆರವು ಉಸಿರು ಹಿಡಿದುಕೊಳ್ಳಲು ಮಾತ್ರ. ಪೂರಾ ಚೇತರಿಕೆಗೆ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಬೇಕು. ಇಲ್ಲೇ ನನ್ನ ತಕರಾರು. ಐಎಂಎಫ್ ಅಧಿಕಾರಿಗಳ ಮಟ್ಟದ ಒಪ್ಪಂದ 2022ರ ಸೆಪ್ಟೆಂಬರ್ 1ಕ್ಕೇ ಆಗಿತ್ತು. ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟದ್ದು 2023ರ ಮಾರ್ಚ್ 20ಕ್ಕೆ. ನಡುವೆ ಆರೂವರೆ ತಿಂಗಳು! ಸಾಲ ಕೊಟ್ಟವರು 'ನಮ್ಮ ಸಾಲವನ್ನು ಹಗುರ ಮಾಡುತ್ತೇವೆ' ಎಂದು ಬರೆದುಕೊಡದೆ ಐಎಂಎಫ್ ಹಣ ಬಿಡುವುದಿಲ್ಲ. ನಾನು ಬಿಟ್ಟುಕೊಟ್ಟ ಹಣದಲ್ಲಿ ಲಂಕಾ ಇನ್ನೊಬ್ಬನ ಕಂತು ಕಟ್ಟಿಬಿಟ್ಟರೆ ಎಂಬ ಗುಮಾನಿ ಸಾಲ ಕೊಟ್ಟ ಪ್ರತಿ ದೇಶಕ್ಕೂ. ಅದಕ್ಕೇ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತ ಕೂತರು. 2023ರ ಜನವರಿಯಲ್ಲಿ ಎಲ್ಲರಿಗಿಂತ ಮೊದಲು ಬರೆದುಕೊಟ್ಟದ್ದು ಭಾರತ. ಚೀನಾದಿಂದ ತೃಪ್ತಿಕರ ಭರವಸೆ ಬರಲು ಮಾರ್ಚ್ ಆಯಿತು. ಆಮೇಲೂ ಕೆಲಸ ಮುಗಿಯಲಿಲ್ಲ. ಭಾರತ, ಜಪಾನ್, ಫ್ರಾನ್ಸ್ ಮುಂದಾಳುತನದ ಸಾಲದಾತರ ಸಮಿತಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಜೂನ್‌ನಲ್ಲಿ, ಖಾಸಗಿಯವರ ಹಳೆಯ ಬಾಂಡ್‌ಗಳನ್ನು ಹೊಸ ಬಾಂಡ್‌ಗಳಿಗೆ ಬದಲಾಯಿಸಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಕಂತು ನಿಲ್ಲಿಸಿದ ದಿನದಿಂದ ಎಣಿಸಿ, ಎರಡೂವರೆ ವರ್ಷ ದಾಟಿತು.

'ಅವರ ತಪ್ಪಿಗೆ ಅವರೇ ಅನುಭವಿಸಲಿ' ಎನ್ನುವವರಿದ್ದಾರೆ. ತೆರಿಗೆ ಇಳಿಸಿದ್ದು ತಪ್ಪೇ, ಗೊಬ್ಬರದ ನಿಷೇಧ ದೊಡ್ಡ ತಪ್ಪು. 1991ಕ್ಕೆ ಮೊದಲು ನಾವೂ ಮೈಮೀರಿ ಖರ್ಚು ಮಾಡಿದ್ದೆವು. ಆದರೆ ಕೊಲಂಬೊದಲ್ಲಿ ಬಿಸಿಲಲ್ಲಿ ಖಾಲಿ ಸಿಲಿಂಡರ್ ಇಟ್ಟುಕೊಂಡು ಕಾದ ತಾಯಿ ಯಾವ ತೆರಿಗೆಯನ್ನು ಇಳಿಸಿದ್ದಳು? ತಪ್ಪಿಗೆ ಷರತ್ತು ಹಾಕಿ, ಕಠಿಣ ಷರತ್ತನ್ನೇ ಹಾಕಿ. ತಡ ಮಾಡುವುದರಿಂದ ಯಾರಿಗೂ ಬುದ್ಧಿ ಬರುವುದಿಲ್ಲ, ಬಡವರ ಸಂಖ್ಯೆ ಮಾತ್ರ ಏರುತ್ತದೆ.

ಇನ್ನು ಸಹಕಾರದ ಸಂಸ್ಥೆಗಳ ಮಾತು. ಕೊರತೆಯಿಲ್ಲ. 1997ರಲ್ಲಿ ಥಾಯ್ಲೆಂಡಿನ ಹಣ ಬಾತ್ ಕುಸಿದು ಇಡೀ ಪೂರ್ವ ಏಷ್ಯಾ ನಲುಗಿತು. ಆ ಪಾಠದಿಂದ ಹುಟ್ಟಿದ, ಅಲ್ಲಿನ ದೇಶಗಳು ಒಂದಕ್ಕೊಂದು ತುರ್ತು ನೆರವು ಕೊಡುವ ಚಿಯಾಂಗ್ ಮಾಯ್ ವ್ಯವಸ್ಥೆಯಲ್ಲಿ ಈಗ 24,000 ಕೋಟಿ ಡಾಲರ್ ಇದೆ. ಬ್ರಿಕ್ಸ್ ದೇಶಗಳು 2014ರಲ್ಲಿ 10,000 ಕೋಟಿ ಡಾಲರಿನ ತುರ್ತು ಮೀಸಲು ವ್ಯವಸ್ಥೆಗೆ ಸಹಿ ಹಾಕಿದವು. ಬ್ರಿಕ್ಸ್ ಬ್ಯಾಂಕಿನ ಮೊದಲ ಅಧ್ಯಕ್ಷರು ನಮ್ಮ ಕೆ.ವಿ. ಕಾಮತ್, ಮಂಗಳೂರಿನವರು, ಸುರತ್ಕಲ್‌ನಲ್ಲಿ ಓದಿದವರು. ಆ ಬ್ಯಾಂಕು ಸಾಲ ಕೊಡುತ್ತಿದೆ, ಕೆಲಸ ಮಾಡುತ್ತಿದೆ. ಆದರೆ ನಾನು ಹೇಳಿದ ಆ ಎರಡು ತುರ್ತು ನಿಧಿಗಳಿಂದ ಸಂಕಟದಲ್ಲಿ ಯಾರೂ ಒಂದು ಡಾಲರನ್ನೂ ಪಡೆದಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಮ್ಮ ಹಿರಿಯರು ಇಂಥದಕ್ಕೇ ಹೇಳಿದ್ದು. ಹೋಲಿಕೆಯಲ್ಲಿ ನಮ್ಮ ಸಾರ್ಕ್ ಸ್ವಾಪ್ ಚಿಕ್ಕದು, ಡಾಲರ್ ಮತ್ತು ಯೂರೋದ ಪಾಲು 200 ಕೋಟಿ ಡಾಲರ್ ಅಷ್ಟೇ. ಆದರೆ ಬೇಕಾದಾಗ ಬಂತು. 2024ರ ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್‌ಗೂ 40 ಕೋಟಿ ಡಾಲರ್ ಹೋಯಿತು. ಮತ್ತೆ ಅದೇ ಅಂಕಿ, ನೋಡಿ.

ನಮ್ಮ ಇದೇ ಬೆಂಗಳೂರಿಗೆ ಇದರಲ್ಲಿ ಒಂದು ಪಾಲಿದೆ. 2023ರ ಫೆಬ್ರವರಿಯಲ್ಲಿ ಜಿ-20 ಹಣಕಾಸು ಸಚಿವರು ಇಲ್ಲಿ ಸೇರಿದಾಗ, ದೇಶಗಳ ಸಾಲದ ಕುರಿತ ಜಾಗತಿಕ ದುಂಡುಮೇಜಿನ ಸಭೆಯೂ ಇಲ್ಲಿ ನಡೆಯಿತು. ಸಾಲ ಕೊಟ್ಟವರು, ತೆಗೆದುಕೊಂಡವರು, ಖಾಸಗಿ ಬಾಂಡಿನವರು ಒಂದೇ ಮೇಜಿಗೆ ಬಂದರು. ಉಕ್ರೇನ್ ವಿಷಯದಲ್ಲಿ ಒಮ್ಮತ ಸಿಗದೆ ಜಂಟಿ ಹೇಳಿಕೆ ಹೊರಬರಲಿಲ್ಲ ಎಂಬುದೇ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ದುಂಡುಮೇಜಿನ ಸುದ್ದಿ ಅದರಡಿ ಮುಚ್ಚಿಹೋಯಿತು. ಈ ನಗರದ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಹುಡುಕಿ ಓದಬೇಕು.

ಚೀಟಿ ಬಂದಿದೆ, ಐದು ನಿಮಿಷ ಅಂತ. ಐಎಂಎಫ್ ಮತದ ಹಂಚಿಕೆಯ ಬಗ್ಗೆ ವಿವರವಾಗಿ ಮಾತಾಡಬೇಕೆಂದಿದ್ದೆ. ಇಷ್ಟು ಹೇಳಿ ಬಿಡುತ್ತೇನೆ: ಅಮೆರಿಕಕ್ಕೆ ಸುಮಾರು ಶೇ. 16.5 ಮತ, ಭಾರತಕ್ಕೆ ಶೇ. 2.6. ಮುಖ್ಯ ನಿರ್ಣಯಗಳಿಗೆ ಶೇ. 85 ಬೇಕು. ಅಂದರೆ ಅಮೆರಿಕ ಒಂದೇ ಬೇಡವೆಂದರೂ ಮುಗಿಯಿತು. 2023ರ ಡಿಸೆಂಬರ್‌ನಲ್ಲಿ ಒಟ್ಟು ಕೋಟಾ, ಅಂದರೆ ಸದಸ್ಯ ದೇಶಗಳು ಹಾಕುವ ಬಂಡವಾಳ, ಅರ್ಧದಷ್ಟು ಹೆಚ್ಚಿಸಲು ಒಪ್ಪಿಗೆ ಸಿಕ್ಕಿತು, ಆದರೆ ಯಾರ ಪಾಲನ್ನೂ ಬದಲಿಸಲಿಲ್ಲ.

ಭಾರತ ಈಗ ಸಾಲ ಕೊಡುವ ಕಡೆಯೂ ಕೂತಿದೆ. ಹಾಗಾಗಿ ನಾವು ಮಾಡಬಹುದಾದ ಕೆಲಸವಿದೆ. ಸಾರ್ಕ್ ಸ್ವಾಪ್ ಹಿಗ್ಗಲಿ. ದೇಶವೊಂದು ಸಾಲ ಮರುಹೊಂದಾಣಿಕೆಗೆ ಅರ್ಜಿ ಹಾಕಿದ ದಿನದಿಂದಲೇ ಕಂತಿಗೆ ತಡೆ ಸಿಗಲಿ, ಸಾಲದಾತರ ಉತ್ತರಕ್ಕೆ ಗಡುವು ಇರಲಿ. ಇಥಿಯೋಪಿಯಾ 2021ರ ಫೆಬ್ರವರಿಯಲ್ಲಿ ಅರ್ಜಿ ಹಾಕಿತು, ಸಾಲ ಕೊಟ್ಟ ಸರ್ಕಾರಗಳ ಜೊತೆ ತಾತ್ವಿಕ ಒಪ್ಪಂದ ಆದದ್ದು 2025ರ ಮಾರ್ಚ್‌ನಲ್ಲಿ. ಗಡುವು ಇದ್ದಿದ್ದರೆ ನಾಲ್ಕು ವರ್ಷ ಹಿಡಿಯುತ್ತಿರಲಿಲ್ಲ. ಮತ್ತೆ, ನಾವು ಕೊಡುವ ಪ್ರತಿ ಸಾಲದ ಷರತ್ತನ್ನೂ ನಾವೇ ಮೊದಲು ಪ್ರಕಟಿಸೋಣ. ಗುಮಾನಿ ಕಡಿಮೆಯಾದಷ್ಟೂ ತಡ ಕಡಿಮೆ.

ಜಾಂಬಿಯಾದ ವಿಷಯ ಉಳಿದೇ ಹೋಯಿತು, ಯಾರಾದರೂ ಕೇಳಿದರೆ ಹೇಳುತ್ತೇನೆ. ಚೀನಾದ ಬಗ್ಗೆ ಆಗಿನಿಂದ ಕೈ ಎತ್ತಿಕೊಂಡು ಕೂತಿರುವ ಹಿಂದಿನ ಸಾಲಿನ ಹುಡುಗಿಯಿಂದಲೇ ಪ್ರಶ್ನೆಗಳು ಶುರುವಾಗಲಿ. ಅವರಿಗೊಂದು ಮೈಕ್ ಕೊಡಿ.