ಹಾಬ್‌ನಾಬ್: ಆದರೆ ಆಗಲಿ, ಹೋದರೆ ಹೋಗಲಿ

ಕೇಳುಗರೆಲ್ಲರಿಗೂ ನಮಸ್ಕಾರ. ದೊಡ್ಡ ಮನುಷ್ಯರ ಜೊತೆ ಸಲಿಗೆಯಿಂದ ಒಡನಾಡುವವರನ್ನು ಕಂಡರೆ ಇಂಗ್ಲಿಷ್ ಪತ್ರಿಕೆಗಳು ‘ಹಾಬ್‌ನಾಬ್’ ಮಾಡುತ್ತಿದ್ದಾರೆ ಎನ್ನುತ್ತವೆ. ಈ ಪದದ ಬೇರು ‘ಉಂಟು’ ಮತ್ತು ‘ಇಲ್ಲ’. ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ನನಗೆ ಬೇಸರವಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ‘ಹಬ್ಬನ್’ ಎಂದರೆ ಹೊಂದಿರುವುದು, ‘ನಬ್ಬನ್’ ಎಂದರೆ ಹೊಂದಿಲ್ಲದಿರುವುದು. ನಮ್ಮ ‘ಅರಿಯೆ’, ‘ಒಲ್ಲೆ’ಗಳಲ್ಲಿ ಇಲ್ಲವೆನ್ನುವುದು ಪದದೊಳಗೇ ಅಡಗಿದೆಯಲ್ಲ, ಹಾಗೆ. ನಮ್ಮ ಹಬ್ಬಕ್ಕೂ ಇದಕ್ಕೂ ನಂಟಿಲ್ಲ. ದಯವಿಟ್ಟು ಆ ಬಗ್ಗೆ ಪತ್ರ ಬರೆಯಬೇಡಿ. ಇವೆರಡೂ ಜೋಡಿಯಾಗಿ, ‘ಆದರೆ ಆಗಲಿ, ಹೋದರೆ ಹೋಗಲಿ’ ಎಂಬ ಮಾತಾಯಿತು.

ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ನನಗೆ ಬಹಳ ಇಷ್ಟವಾದ ದೃಶ್ಯವೊಂದಿದೆ. 1602ರ ಫೆಬ್ರುವರಿಯಲ್ಲಿ ಲಂಡನ್ನಿನ ವಕೀಲರ ಮುಂದೆ ಆಡಿದ ನಾಟಕ ಅದು. ವಯೋಲಾ ಎಂಬ ಹುಡುಗಿ ಗಂಡುವೇಷದಲ್ಲಿದ್ದಾಳೆ. ಸರ್ ಟೋಬಿ ಎಂಬ ಕುಡುಕ ಬಂದು ಹೆದರಿಸುತ್ತಾನೆ: ಆಂಡ್ರ್ಯೂ ಎಂಬ ಶೂರ ನಿನ್ನ ಮೇಲೆ ಸಿಟ್ಟಾಗಿದ್ದಾನೆ, ಈಗಾಗಲೇ ಮೂವರ ಪ್ರಾಣ ತೆಗೆದವನು, ‘ಹಾಬ್ ನಾಬ್’ ಎಂಬುದೇ ಅವನ ಮಾತು, ಕೊಡು ಇಲ್ಲವೇ ತೆಗೆದುಕೋ! ಕೊಡುವುದೂ ತೆಗೆದುಕೊಳ್ಳುವುದೂ ಏನನ್ನು? ಕತ್ತಿಯೇಟನ್ನು. ಹುಡುಗಿಗೆ ನಡುಕ. ಅತ್ತ ಟೋಬಿ ಆಂಡ್ರ್ಯೂವಿಗೂ ಇಂಥದ್ದೇ ಬುರುಡೆ ಬಿಡುತ್ತಾನೆ: ಎದುರಾಳಿ ಪರ್ಷಿಯಾದ ಷಾಹನ ಬಳಿ ಕತ್ತಿವರಸೆಗಾರನಾಗಿದ್ದನಂತೆ! ಆ ಶೂರ ಏನು ಮಾಡಿದ ಗೊತ್ತೇ? ಜಗಳ ಬಿಟ್ಟರೆ ನನ್ನ ಬೂದು ಕುದುರೆಯನ್ನೇ ಕೊಡುತ್ತೇನೆ ಎಂದ. ಓದಿದಾಗಲೆಲ್ಲ ನಗುತ್ತೇನೆ.

ಕತ್ತಿಯಿಂದ ಈ ಪದ ಲೋಟಕ್ಕೆ ಬಂತು. ಹದಿನೆಂಟನೆಯ ಶತಮಾನದಲ್ಲಿ ಊಟದ ಮೇಜಿನ ಮುಂದೆ ‘ಹಾಬ್ ಆರ್ ನಾಬ್?’ ಎಂದು ಕೇಳಿ ಒಬ್ಬರಿಗಾಗಿ ಒಬ್ಬರು ದ್ರಾಕ್ಷಾರಸ ಕುಡಿಯುತ್ತಿದ್ದರು. ಆಮೇಲೆ ಲೋಟವೂ ಹೋಯಿತು, ಒಡನಾಟ ಉಳಿಯಿತು.

ಆದರೂ ಹೋದಲ್ಲೆಲ್ಲ ಒಂದೇ ಪ್ರಶ್ನೆ: ಹಾಬ್ ಎಂದರೆ ಬೆಂಕಿಗೂಡಿನ ಕಟ್ಟೆ, ನಾಬ್ ಎಂದರೆ ಪಕ್ಕದ ಪುಟ್ಟ ಮೇಜು, ಬಿಯರು ಬಿಸಿ ಬೇಕೋ ತಣ್ಣಗೆ ಬೇಕೋ ಎಂದು ಕೇಳುತ್ತಿದ್ದರಂತೆ, ಅಲ್ಲವೇ ಸರ್? ಅಲ್ಲ! 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ತನ್ನ ಆಡುಮಾತಿನ ನಿಘಂಟಿನಲ್ಲಿ ಬರೆದಿಟ್ಟ ಕಥೆ ಅದು, ಅಷ್ಟೆ. ಉಂಟು, ಇಲ್ಲ, ಅದೇ ಬೇರು.

1985ರಲ್ಲಿ ಮೆಕ್‌ವಿಟೀಸ್ ಕಂಪನಿ ಓಟ್ಸ್ ಬಿಸ್ಕತ್ತಿಗೂ ಇದೇ ಹೆಸರಿಟ್ಟಿತು. ಅದನ್ನು ಚಹಾದಲ್ಲಿ ಅದ್ದುವ ಕ್ರಮವನ್ನೂ ಹೇಳಬೇಕೆಂದಿದ್ದೆ. ಗಾಜಿನಾಚೆ ಉದ್ಘೋಷಕರು ಎರಡನೆಯ ಸಲ ಕೈಯೆತ್ತಿದ್ದಾರೆ. ನಮಸ್ಕಾರ.